ಗೇಟಿನವರೆಗೆ ಟಾರು, ಆಮೇಲೆ ಮಣ್ಣು

ಮಾರ್ಚ್ 2, ಸೋಮವಾರ

...ಗುಂಡಿಯ ಬಗ್ಗೆ ನೀನು ಏನೋ ಹೇಳಿದ್ದೆ, ಅಣ್ಣ. ಚಕ್ರ ಹೋಗುವ ಕಡೆ ನೋಡು ಎಂದಿದ್ದೆಯೋ, ನೋಡಿದ ಕಡೆಗೇ ಚಕ್ರ ಹೋಗುತ್ತದೆ ಎಂದಿದ್ದೆಯೋ, ಸರಿಯಾಗಿ ನೆನಪಿಲ್ಲ. ನನಗಾಗ ಒಂಬತ್ತು ವರ್ಷ. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ನೀನು ಮೊದಲು ಸೈಕಲ್ಲಿನ ರಿಮ್ ಡೊಂಕಾಗಿದೆಯೇ ಎಂದು ನೋಡಿದೆ. ಅದು ಮಾತ್ರ ಚೆನ್ನಾಗಿ ನೆನಪಿದೆ. ಇವತ್ತು ಬಸ್ಸಿನ ಕಿಟಕಿಯಿಂದ ರಸ್ತೆಯ ಗುಂಡಿಗಳನ್ನು ಎಣಿಸುತ್ತ ಆ ಮಾತನ್ನು ಹುಡುಕುತ್ತಿದ್ದೆ.

ಎಣಿಸಲು ಕಾರಣವಿದೆ. ಏಪ್ರಿಲ್ ಒಂದರಿಂದ ಈ ಬಸ್ಸು ನಿಲ್ಲುತ್ತದೆ. ನನ್ನ ಕೆಲಸ ನಿನಗೆ ಗೊತ್ತು: ಬೆಳಿಗ್ಗೆ ಎಂಟಕ್ಕೆ ತೊರೆಯ ಅಳತೆಗಂಬದ ಎದುರು ನಿಂತು ನೀರು ಎಷ್ಟಿದೆ ಎಂದು ಬರೆಯುವುದು. ಹದಿನೇಳು ವರ್ಷದಿಂದ ಬರೆಯುತ್ತಿದ್ದೇನೆ. ಮನೆಯಿಂದ ಗೇಟಿನವರೆಗೆ ಹನ್ನೊಂದು ಕಿಲೋಮೀಟರ್ ಟಾರು. ಗೇಟಿನಾಚೆ ಐದು ಕಿಲೋಮೀಟರ್ ಮಣ್ಣು, ಕಲ್ಲು, ಬೇರು. ಕುಡಿಯುವ ನೀರಿನ ಪ್ರದೇಶವಾದ್ದರಿಂದ ಎಂಜಿನ್ ಇರುವ ಯಾವುದನ್ನೂ ಒಳಗೆ ಬಿಡುವುದಿಲ್ಲ. ಇಷ್ಟು ದಿನ ಮೊದಲ ಬಸ್ಸಿಗೆ ಹೋಗಿ ಗೇಟಿನಿಂದ ನಡೆಯುತ್ತಿದ್ದೆ. ಈಗ ಅದೇ ಮೊಣಕಾಲು ಇನ್ನು ಆಗದು ಎನ್ನುತ್ತಿದೆ. ಡಾಕ್ಟರು, ನಡಿಗೆ ಬೇಡ, ಸೈಕಲ್ ಆಗಬಹುದು ಎಂದರು.

ತೊರೆಯ ಹತ್ತಿರ ಒಂದು ಯಂತ್ರ ಕೂರಿಸಿದ್ದಾರೆ. ತಾನೇ ಓದಿ ತಾನೇ ಕಳಿಸುತ್ತದೆ. ಇಂಜಿನಿಯರು ಹೇಳಿದ: "ಏಪ್ರಿಲ್‌ನಿಂದ ಜೂನ್‌ವರೆಗೂ ಎರಡೂ ನಡೀಲಿ ಮೇಡಂ. ಎಂಟೂ ಕಾಲು ದಾಟಿದ್ರೆ ತಪ್ಪು ಅಂತ ಲೆಕ್ಕ. ನಿಮ್ಮದು ಮೂರು ತಪ್ಪಾದ್ರೆ ಯಂತ್ರಾನೇ ಸಾಕು. ನೀವು ದಾಖಲೆ ಕೋಣೆಗೆ ಬಂದ್ಬಿಡಿ. ಫ್ಯಾನ್ ಇದೆ." ಫ್ಯಾನಿನ ಆಸೆ ತೋರಿಸುತ್ತಾನೆ.

ಯಾವ ಸೈಕಲ್ ಕೊಳ್ಳಲಿ? ಒಂದೇ ಸಾಲಿನಲ್ಲಿ ಬರಿ. ಫೋನಾದರೆ ಮೂರನೇ ನಿಮಿಷಕ್ಕೆ ಜಗಳ. ಅದಕ್ಕೇ ಅಲ್ಲವೇ ಇಬ್ಬರೂ ಕಾಗದಕ್ಕೆ ಒಪ್ಪಿದ್ದು.

— ಕಡ್ಡಿ


ಮಾರ್ಚ್ 14, ಶನಿವಾರ

ಕಡ್ಡೀ,

ಒಂದೇ ಸಾಲಿನಲ್ಲಿ ಸೈಕಲ್ ಹೇಳುವವನು ಸೈಕಲ್ ಮಾರುವವನು, ಸೈಕಲ್ ಬಲ್ಲವನಲ್ಲ.

ಆದರೂ ಅರ್ಧ ಸಾಲು ಹೇಳುತ್ತೇನೆ: ಹಾರ್ಡ್‌ಟೇಲ್. ಹಿಂದೆ ಗಟ್ಟಿ, ಮುಂಚಕ್ರ ಹಿಡಿಯುವ ಫೋರ್ಕಿನಲ್ಲಿ ಮಾತ್ರ ಸ್ಪ್ರಿಂಗು. ಎರಡೂ ಕಡೆ ಸ್ಪ್ರಿಂಗ್ ಇದ್ದರೆ ಟಾರಿನ ಮೇಲೆ ನೀನು ತುಳಿದ ಅರ್ಧ ಶಕ್ತಿಯನ್ನು ಅದೇ ತಿನ್ನುತ್ತದೆ. ಎಲ್ಲೂ ಇಲ್ಲದಿದ್ದರೆ ಮಣ್ಣಿನಲ್ಲಿ ನಿನ್ನ ಹಲ್ಲು ಉದುರುತ್ತವೆ.

ಉಳಿದ ಅರ್ಧಕ್ಕೆ ಉತ್ತರ ಬೇಕು. ದಾರಿಯಲ್ಲಿ ಏರು ಎಲ್ಲಿ ಬರುತ್ತದೆ, ಟಾರಿನಲ್ಲೋ ಮಣ್ಣಿನಲ್ಲೋ? ಕಲ್ಲು ಕೂತದ್ದೋ, ಉರುಳುವಂಥದೋ? ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಒತ್ತಿ ನಿಂತು, ತೊಡೆಗಳ ನಡುವೆ ದಪ್ಪ ಪುಸ್ತಕವೊಂದನ್ನು ಸೀಟಿನಂತೆ ಮೇಲಕ್ಕೆ ಒತ್ತಿ, ಅದರ ಮೇಲಂಚಿಗೆ ಗೋಡೆಯಲ್ಲಿ ಗೆರೆ ಎಳೆ. ನೆಲದಿಂದ ಗೆರೆಗೆ ಎಷ್ಟು?

ಕಾಗದವನ್ನು ಅಂಗಡಿಯ ವಿಳಾಸಕ್ಕೇ ಹಾಕು. ದಿನವೆಲ್ಲ ಅಲ್ಲೇ ಇರುತ್ತೇನೆ.

— ಅಣ್ಣ


ಮಾರ್ಚ್ 19

ಅಣ್ಣ,

ನಾನು ಪ್ರಶ್ನೆ ಕೇಳಿದರೆ ನೀನು ಪ್ರಶ್ನೆಪತ್ರಿಕೆ ಕಳಿಸುತ್ತೀ. ಹನ್ನೆರಡು ದಿನ ಕಾದು.

ಮೂರು ಸಲ ಅಳೆದೆ: 764, 766, 764 ಮಿಲಿಮೀಟರ್. ಎರಡನೆಯ ಸಲ ಹಿಮ್ಮಡಿ ಎತ್ತಿರಬೇಕು, ಬಿಟ್ಟುಬಿಡು. ಏರು ಮಣ್ಣಿನಲ್ಲಿ, ಮೂರನೆಯ ಕಿಲೋಮೀಟರಿನ ನಂತರ. ಕಲ್ಲು ಕೂತವು, ಕೊನೆಯ ಇಳಿಜಾರಿನಲ್ಲಿ ಉರುಳುವಂಥವು.

ಇನ್ನು ಹನ್ನೆರಡು ದಿನ ಬಸ್ಸಿದೆ. ದಿನ ಎಣಿಸುವುದು ನನ್ನ ಅಭ್ಯಾಸ, ತಪ್ಪು ತಿಳಿಯಬೇಡ. ಬೇಗ ಬರಿ.

— ಕಡ್ಡಿ


ಮಾರ್ಚ್ 28, ಶನಿವಾರ

ಕಡ್ಡೀ,

ಬರೆದುಕೋ. ಹದಿನಾರು ಇಂಚಿನ ಫ್ರೇಮು, ಹದಿನೇಳು ದಾಟಬೇಡ. ಇಪ್ಪತ್ತಾರು ಇಂಚಿನ ಚಕ್ರ. ಮುಂದೆ ಮೂರು ಹಲ್ಲುಚಕ್ರ ಇರಲಿ, ಸಣ್ಣದು ಏರಿಗೆ, ದೊಡ್ಡದು ಟಾರಿಗೆ. ರಿಮ್ ಹಿಡಿಯುವ ಬ್ರೇಕು ಸಾಕು, ಹಾಳಾದರೆ ನೀನೇ ಸರಿಮಾಡಬಹುದು. ಟಯರು ನಡುವೆ ನಯ, ಅಂಚಿನಲ್ಲಿ ಗಂಟು ಇರುವಂಥದು. ಸ್ಪ್ರಿಂಗು ಅಲುಗದಂತೆ ಫೋರ್ಕಿಗೆ ಬೀಗ ಹಾಕುವ ಗುಂಡಿ ಇರಬೇಕು: ಟಾರಿನಲ್ಲಿ ಹಾಕು, ಗೇಟಿನಲ್ಲಿ ತೆಗಿ.

ಇದನ್ನು ಅಂಗಡಿಯವನಿಗೆ ಓದಿ ಹೇಳು. ಬೇರೆ ತೋರಿಸಿದರೆ ಎದ್ದು ಬಾ.

— ಅಣ್ಣ


ಏಪ್ರಿಲ್ 3

ಅಣ್ಣ,

ಓದಿ ಹೇಳಿದೆ. ಕೂದಲಿಗೆ ಜುಟ್ಟು ಕಟ್ಟಿಕೊಂಡ ಅಂಗಡಿಯವನು ಕೊನೆಯವರೆಗೆ ಮರ್ಯಾದೆಯಿಂದ ಕೇಳಿಸಿಕೊಂಡ. ಆಮೇಲೆ ಒಳಗಿದ್ದವನನ್ನು ಕೂಗಿದ: "ಬಾರೋ ಇಲ್ಲಿ, ಮೇಡಂ ಇಪ್ಪತ್ತಾರು ಕೇಳ್ತಿದ್ದಾರೆ!" ಇಬ್ಬರೂ ನಕ್ಕರು. ನನ್ನನ್ನು ನೋಡಿ ನಗಲಿಲ್ಲ. ಕಾಗದ ನೋಡಿ ನಕ್ಕರು.

"ಇಪ್ಪತ್ತಾರು ಬರೋದು ನಿಂತು ಎಷ್ಟೋ ವರ್ಷ ಆಯ್ತು ಮೇಡಂ. ಈಗ ಇಪ್ಪತ್ತೊಂಬತ್ತು. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹನ್ನೊಂದು. ಬ್ರೇಕು ಡಿಸ್ಕು. ಯಾರು ಬರ್ಕೊಟ್ಟಿದ್ದು ಇದು?"

"ನಮ್ಮಣ್ಣ. ಸೈಕಲ್ ಅಂಗಡಿ ಇಟ್ಟಿದ್ದಾನೆ."

"ಎಲ್ಲಿ, ಮ್ಯೂಸಿಯಂನಲ್ಲಾ?"

ನಿನ್ನ ಅಂಗಡಿಯಲ್ಲಿ ಮೂಲೆಗೆ ಬಿದ್ದದ್ದನ್ನು ನನಗೆ ಕಟ್ಟಲು ನೋಡುತ್ತಿದ್ದೀಯಾ? ಅಥವಾ ನನ್ನ ಕಾಗದ ಓದುವಷ್ಟು ಪುರುಸೊತ್ತು ನಿನಗಿಲ್ಲವೇ?

ಹದಿನಾರು ಇಂಚಿನ ಫ್ರೇಮು ಬರಲು ಐದು ವಾರವಂತೆ. ಇರುವುದು ಒಂದೇ, ಹತ್ತೊಂಬತ್ತರದು. ಮೊನ್ನೆ ಬಸ್ಸು ನಿಂತಿತು. ಹಾಲಿನ ವ್ಯಾನಿನಲ್ಲಿ ಗೇಟಿನವರೆಗೆ ಹೋಗಿ ಕುಂಟುತ್ತ ನಡೆದೆ. ಎಂಟು ಮೂವತ್ತೈದು. ಒಂದು ತಪ್ಪಾಯಿತು. ನಿನ್ನೆ, ಇವತ್ತು ವ್ಯಾನು ಬೇಗ ಬಂದು ಹೇಗೋ ಮುಟ್ಟಿದೆ.

— ಕಡ್ಡಿ


ಏಪ್ರಿಲ್ 11, ಶನಿವಾರ

ಕಡ್ಡೀ,

ಜುಟ್ಟಿನವನಿಗೆ ಹೇಳು, ಚಕ್ರ ದೊಡ್ಡದಾದ ಮಾತ್ರಕ್ಕೆ ಮನುಷ್ಯನ ಕಾಲು ಉದ್ದವಾಗುವುದಿಲ್ಲ. ನನ್ನ ಅಂಗಡಿಗೂ ಇಪ್ಪತ್ತೊಂಬತ್ತು ಬರುತ್ತದೆ. ನಿನ್ನ ದಾರಿಗೆ ಹಳೆಯದು ಹೊಂದುತ್ತದೆ ಎಂದು ಬರೆದೆ, ಅಷ್ಟೇ. ಬೇಕಾದರೆ ಅವನದೇ ಚಕ್ರ, ಅವನದೇ ಬ್ರೇಕು ಇರಲಿ. ಆದರೆ ಹತ್ತೊಂಬತ್ತರ ಫ್ರೇಮು ಮಾತ್ರ ಬೇಡ. ಐದು ವಾರ ಕಾಯಬೇಕಾದರೂ ಸರಿ. ಇದೊಂದನ್ನು ಕೇಳು. ಉಳಿದದ್ದರಲ್ಲಿ ನಾನು ತಪ್ಪಿರಬಹುದು, ಇದರಲ್ಲಿ ಇಲ್ಲ.

— ಅಣ್ಣ


ಏಪ್ರಿಲ್ 17

ಅಣ್ಣ,

ಇನ್ನೂ ಯೋಚಿಸುತ್ತಿದ್ದೇನೆ. ಸದ್ಯಕ್ಕೆ ಹೇಗೋ ಹೋಗಿ ಬರುತ್ತಿದ್ದೇನೆ. ಹೇಗೆ ಎಂದು ಕೇಳಬೇಡ.

ಒಂದು ಮಾತು, ಸುಮ್ಮನೆ ತಿಳಿದುಕೊಳ್ಳಲು. ಒಂದು ವೇಳೆ ಯಾರಾದರೂ ಸ್ವಲ್ಪ ದೊಡ್ಡ ಫ್ರೇಮಿನ ಸೈಕಲ್ ಕೊಂಡರು ಎನ್ನು. ಅರ್ಧ ಗಂಟೆ ಓಡಿಸಿದ ಮೇಲೆ ಅವರ ಕಿರುಬೆರಳಿಗೆ, ಅದರ ಪಕ್ಕದ ಬೆರಳಿಗೆ ಜೋಮು ಹಿಡಿಯುತ್ತದೆ. ಪೆನ್ಸಿಲ್ ಹಿಡಿಯಲು ಆಗುವುದಿಲ್ಲ. ಎಂಟು ಗಂಟೆಗೆ ಬರೆದ 4, 9ರಂತೆ ಕಾಣುತ್ತದೆ. ಅಂಥವರು ಏನು ಮಾಡಬೇಕು?

ಇನ್ನೊಂದು. ನಿನ್ನ ಕಾಗದಗಳ ಹಿಂದೆ "ವಾರ್ಡು", "ಹಾಸಿಗೆ ಸಂಖ್ಯೆ" ಎಂದು ಅಚ್ಚಾಗಿದೆ. ನಿನ್ನ ಆರೋಗ್ಯ ಹೇಗಿದೆ?

— ಕಡ್ಡಿ


ಏಪ್ರಿಲ್ 25, ಶನಿವಾರ

ಕಡ್ಡೀ,

ಆರೋಗ್ಯಕ್ಕೆ ಏನಾಗಿದೆ, ಕಲ್ಲಿನಂತಿದ್ದೇನೆ. ಪಕ್ಕದಲ್ಲಿ ಒಂದು ಪ್ರೆಸ್ಸಿದೆ, ತಪ್ಪಾಗಿ ಅಚ್ಚಾದ ಹಾಳೆಗಳನ್ನು ಕೊಡುತ್ತಾರೆ. ಬಿಳಿಯ ಕಡೆ ಓದು, ಸಾಕು.

ಒಂದು ವೇಳೆ ಅಂಥವರು ಯಾರಾದರೂ ಇದ್ದರೆ, ಅವರು ಹ್ಯಾಂಡಲ್ಲಿಗೆ ಎಟುಕಲು ಮುಂದಕ್ಕೆ ಬಾಗುತ್ತಿದ್ದಾರೆ. ಮೈಯ ಭಾರವೆಲ್ಲ ಅಂಗೈಯ ಹೊರ ಅಂಚಿನ ಮೇಲೆ ಬೀಳುತ್ತಿದೆ. ಹ್ಯಾಂಡಲ್ಲನ್ನು ಫ್ರೇಮಿಗೆ ಕೂಡಿಸುವ ತುಂಡಿಗೆ ಸ್ಟೆಮ್ ಎನ್ನುತ್ತಾರೆ. ಅದನ್ನು ಬಿಚ್ಚಿಸಿ ಚಿಕ್ಕದನ್ನು ಹಾಕಿಸಲಿ, ಸ್ವಲ್ಪ ಮೇಲಕ್ಕೆ ಎದ್ದಿರುವಂಥದು. ಸೀಟಿನ ಮೂಗು ಕೆಳಗೆ ಬಾಗಿದ್ದರೆ ಸಮ ಮಾಡಲಿ. ಕೈ ಮುಷ್ಟಿ ಬಿಗಿಯುವ ಅಭ್ಯಾಸ ಇದ್ದರೆ ಬಿಡಲಿ. ಅಂಥವರಿಗೆ ಚಿಕ್ಕಂದಿನಿಂದಲೂ ಆ ಅಭ್ಯಾಸ ಇರುತ್ತದೆ.

ಜೊತೆಗೆ ಒಂದು ಕೈಪಂಪು ಕಳಿಸುತ್ತಿದ್ದೇನೆ. ಮಳೆ ಬಿದ್ದು ಕಲ್ಲು ಜಾರುವ ದಿನ ಗೇಟಿನ ಹತ್ತಿರ ಸ್ವಲ್ಪ ಗಾಳಿ ಇಳಿಸಬೇಕು, ಟಯರು ನೆಲವನ್ನು ಹಿಡಿಯುತ್ತದೆ. ವಾಪಸ್ಸು ಬಂದು ಟಾರಿಗೆ ತುಂಬಿಸಿಕೊಳ್ಳಬೇಕು. ಇಳಿಸುವುದು, ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಉಗುರು ಒಳಗೆ ಹೋಗುವಷ್ಟು. ಮಿಲಿಮೀಟರ್ ಕೇಳಬೇಡ. ಸೈಕಲ್ ಕೊಂಡಾಗ ಬೇಕಾಗುತ್ತದೆ, ಇಟ್ಟುಕೋ.

ಗುಂಡಿಯ ಬಗ್ಗೆ ನೀನು ಬರೆದ ಎರಡನ್ನೂ ನಾನು ಹೇಳಿರಲಿಲ್ಲ. "ಗುಂಡಿ ನೋಡ್ಬೇಡ್ವೇ, ಗುಂಡಿ ಪಕ್ಕ ನೋಡು" ಎಂದಿದ್ದೆ.

— ಅಣ್ಣ


ಮೇ 5

ಅಣ್ಣ,

ಪಂಪು ಬಂತು. ಚೀಲದಲ್ಲಿ ಇಟ್ಟಿದ್ದೇನೆ. ಸೈಕಲ್ ಇನ್ನೂ ಕೊಂಡಿಲ್ಲ, ಕೊಂಡಾಗ ಬೇಕಾಗುತ್ತದೆ.

ಎರಡು ತಪ್ಪಾಯಿತು. ಒಂದು ದಿನ ಗೇಟಿನವನು ಬೀಗದ ಕೈ ಮನೆಯಲ್ಲಿ ಬಿಟ್ಟು ಬಂದಿದ್ದ. ಇಪ್ಪತ್ತು ನಿಮಿಷ ಅವನೂ ನಾನೂ ಕಂಬಿಯ ಎರಡು ಕಡೆ ನಿಂತೆವು. ಇಂಜಿನಿಯರಿಗೆ ಹೇಳಿದರೆ, "ಯಂತ್ರಕ್ಕೆ ಗೇಟು ತೆಗಿಯೋದು ಬೇಡ ನೋಡಿ" ಎಂದ. ಅವನು ಕೆಟ್ಟವನಲ್ಲ. ಅದೇ ತೊಂದರೆ, ಬೈಯಲು ಏನೂ ಸಿಗುವುದಿಲ್ಲ.

ಇನ್ನು ಒಂದೂ ತಪ್ಪುವಂತಿಲ್ಲ. ಐವತ್ತಾರು ಬೆಳಗುಗಳು.

— ಕಡ್ಡಿ


ಮೇ 20

ಅಣ್ಣ,

ಹೌದು, ಕೊಂಡಿದ್ದೇನೆ. ಏಪ್ರಿಲ್ 4ಕ್ಕೇ ಕೊಂಡೆ. ಹತ್ತೊಂಬತ್ತರದ್ದೇ. ನೀನು ಬೇಡ ಎಂದು ಬರೆದ ಕಾಗದ ಕೈ ಸೇರುವ ಹೊತ್ತಿಗೆ ಅದನ್ನು ಹತ್ತು ದಿನ ತುಳಿದಾಗಿತ್ತು. ಹೇಳಿದರೆ ನೀನು ಏನನ್ನುತ್ತೀ ಎಂದು ಗೊತ್ತಿತ್ತು, ಹೇಳಲಿಲ್ಲ. ಈಗ ಅದನ್ನೆಲ್ಲ ಮುಚ್ಚಿಡಲು ನನಗೆ ಮನಸ್ಸಿಲ್ಲ.

ನಿನ್ನೆ ಮೊದಲ ಮಳೆ ಬಿದ್ದ ಬೆಳಗು. ಗೇಟಿನ ಹತ್ತಿರ ಏಳೂ ಹತ್ತು. ಹೊತ್ತು ಬೇಕಾದಷ್ಟಿತ್ತು. ನೀನು ಹೇಳಿದಂತೆ ಗಾಳಿ ಇಳಿಸಿದೆ. ಅರ್ಧ ಉಗುರು. ನಿನ್ನ ಉಗುರೋ, ನನ್ನ ಉಗುರೋ? ಕೊಂಚ ಜಾಸ್ತಿಯೇ ಹೋಯಿತು. ಇರಲಿ, ಪಂಪಿದೆಯಲ್ಲ ಎಂದುಕೊಂಡೆ. ಪಂಪಿನ ಬಾಯಿ ನನ್ನ ವಾಲ್ವಿಗೆ ಕೂರಲೇ ಇಲ್ಲ. ನನ್ನದು ಪೆನ್ಸಿಲ್ಲಿನಷ್ಟು ಸಣ್ಣ ವಾಲ್ವು, ತುದಿಯಲ್ಲಿ ಒಂದು ಪುಟ್ಟ ತಿರುಪು. ನೀನು ಕಳಿಸಿದ್ದು ಕಾರಿನ ಚಕ್ರಕ್ಕೆ ಹಿಡಿಯುವಂಥ ಅಗಲ ಬಾಯಿಯದು. ಎಷ್ಟು ಒತ್ತಿದರೂ ನನ್ನ ಕೈಗೇ ಗಾಳಿ. ಗೇಟಿನವನು ಬಾಯಿಂದ ಊದಿ ನೋಡುವುದೊಂದು ಬಾಕಿ.

ಹಾಗೇ ಹೋದೆ. ಮೂರನೆಯ ಕಿಲೋಮೀಟರಿನಲ್ಲಿ ಒಂದು ಕಲ್ಲು, ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬು ಕತ್ತರಿಸಿಹೋಯಿತು. ನಾನು ಕಲ್ಲಿನ ಪಕ್ಕವೇ ನೋಡುತ್ತಿದ್ದೆ, ಅಣ್ಣ. ಸೈಕಲ್ಲು ತಳ್ಳಿಕೊಂಡು ಏರು ಹತ್ತಿದೆ. ಅಳತೆಗಂಬದ ಎದುರು ನಿಂತಾಗ ಎಂಟು ಇಪ್ಪತ್ತೇಳು. ಎಂಟು ಎಂದು ಬರೆಯಬಹುದಿತ್ತು. ಇಪ್ಪತ್ತೇಳು ಎಂದೇ ಬರೆದೆ. ಪಕ್ಕದಲ್ಲಿ ಆ ಯಂತ್ರದ ಡಬ್ಬಿ ಹಸಿರು ದೀಪ ಮಿಟುಕಿಸುತ್ತಿತ್ತು.

ಮೂರಾಯಿತು.

ಊರಿಗೆಲ್ಲ ಸೈಕಲ್ ಮಾರುವವನು ತಂಗಿಗೆ ಕಳಿಸುವ ಪಂಪನ್ನು ಒಂದು ಸಲ ನೋಡಬಾರದೇ? ಯಾವ ವಾಲ್ವು ಎಂದು ಒಂದು ಸಾಲು ಕೇಳಬಾರದಿತ್ತೇ? ಕಾಲಿನ ಉದ್ದ ಕೇಳಿದೆ, ಕಲ್ಲು ಕೂತದ್ದೋ ಉರುಳುವುದೋ ಎಂದು ಕೇಳಿದೆ. ಕೇಳಬೇಕಾದ್ದನ್ನು ಕೇಳಲಿಲ್ಲ. ಎರಡು ವಾರ ಚೀಲದಲ್ಲಿಟ್ಟುಕೊಂಡು ನಾನೂ ಹಚ್ಚಿ ನೋಡಲಿಲ್ಲ, ಅದು ನನ್ನ ತಪ್ಪು. ಆದರೆ ನಾನು ನಿನ್ನನ್ನು ನಂಬಿದ್ದೆ. ಹಚ್ಚಿ ನೋಡಬೇಕಾದ್ದು ನಂಬದವರು.

ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.


ಜೂನ್ 8

ಅಣ್ಣ,

ಬರೆಯಬೇಡ ಎಂದರೆ ಬರೆಯುವುದೇ ಇಲ್ಲವೇ?

— ಕಡ್ಡಿ


ಜೂನ್ 22

ಅಕ್ಕನವರಿಗೆ ನಮಸ್ಕಾರ. ನನ್ನ ಗುರುತು ನಿಮಗಿಲ್ಲ. ನಿಮ್ಮ ಅಣ್ಣನ ಅಂಗಡಿ ಪಕ್ಕ ಬೀಗದ ಕೈ ಮಾಡೋನು ನಾನು. ಬರೆದು ಅಭ್ಯಾಸ ಇಲ್ಲ, ಮಾತಾಡಿದ ಹಾಗೇ ಬರೀತೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಅಂಗಡಿ ಪಕ್ಕ ಅಂದೆ. ಅಂಗಡಿ ಮುಚ್ಚಿ ಎರಡು ವರ್ಷದ ಮೇಲಾಯ್ತು ಅಕ್ಕ. ಮುಚ್ಚೋಕೆ ಮುಂಚೆಯೇ ಎಂಟೊಂಬತ್ತು ವರ್ಷದಿಂದ ಹೊಸ ಸೈಕಲ್ ತರಿಸ್ತಿರಲಿಲ್ಲ, ಬರೀ ಹಳೇದರ ರಿಪೇರಿ. ಈಗ ಅಲ್ಲಿ ಮೊಬೈಲ್ ಕವರ್ ಮಾರ್ತಾರೆ. ನಿಮ್ಮ ಅಣ್ಣ ದೊಡ್ಡಾಸ್ಪತ್ರೆ ನೆಲಮಾಳಿಗೆಯಲ್ಲಿ ಕೆಲಸಕ್ಕಿದ್ದಾರೆ. ಗಾಲಿಕುರ್ಚಿ, ಸ್ಟ್ರೆಚರ್ ಗಾಡಿ, ಇವುಗಳ ಚಕ್ರ ಕೆಟ್ಟರೆ ಅವರೇ. ಶನಿವಾರ ಅರ್ಧ ದಿನ. ಮಧ್ಯಾಹ್ನ ಬಂದು ನನ್ನ ಹತ್ತಿರ ನಿಮ್ಮ ಕಾಗದ ಇಸ್ಕೊಂಡು, ನನ್ನ ಮೇಜಿನ ಮೇಲೇ ಉತ್ತರ ಬರೆದು ಹೋಗ್ತಿದ್ರು.

ಬೆರಳು ಜೋಮು ಹಿಡಿಯುತ್ತೆ ಅಂತ ನೀವು ಬರೆದಿದ್ರಲ್ಲ, ಅವತ್ತು ಓದಿ ನಕ್ಕರು. "ಇವಳು ಕೊಂಡಾಗಿದೆ ಕಣಯ್ಯಾ, ನನಗೆ ಹೇಳ್ತಿಲ್ಲ" ಅಂದರು. "ಹಾಗಾದ್ರೆ ಕೇಳಿಬಿಡಿ ಸ್ವಾಮಿ" ಅಂದೆ. "ಕೇಳಿದ್ರೆ ಅವಳೂ ಕೇಳ್ತಾಳೆ" ಅಂದರು. ಪಂಪು ಅವರ ಹಳೇ ಪೆಟ್ಟಿಗೆಯದು. ನನ್ನ ಎದುರಿಗೇ ಎಣ್ಣೆ ಹಾಕಿ ಒರೆಸಿ ಕಟ್ಟಿದರು.

ಆಮೇಲಿನ ನಿಮ್ಮ ದೊಡ್ಡ ಕಾಗದ ಓದಿ ನನ್ನ ಸ್ಟೂಲಿನ ಮೇಲೆ ಕೂತರು. "ಸಣ್ಣ ವಾಲ್ವಾ" ಅಂತ ಎರಡು ಸಲ ಅಂದರು. ಗಿರಾಕಿ ಬಂದ್ರೂ ಏಳಲಿಲ್ಲ. ಅದಾದ ಮೇಲೆ ಮೂರು ಶನಿವಾರ ಬಂದಿಲ್ಲ. ಆಸ್ಪತ್ರೆಗೆ ಹೋಗಿ ನೋಡಿ ಬಂದೆ, ಮೈಗೇನೂ ಆಗಿಲ್ಲ, ಕೆಲಸ ಮಾಡ್ತಿದ್ರು. ಕಾಗದ ಬಂದಿದೆ ಅಂದೆ. "ಇರಲಿ" ಅಂದರು.

ಒಂದು ಕಾಗದ ಒಡೆಯದೆ ನನ್ನ ಹತ್ತಿರ ಇದೆ. ಇಟ್ಕೊಳ್ಲಾ, ವಾಪಸ್ ಕಳಿಸ್ಲಾ?


ಜುಲೈ 5, ಭಾನುವಾರ

ಅಣ್ಣ,

ಈ ಸಲ ವಿಳಾಸದಲ್ಲಿ ಆಸ್ಪತ್ರೆ, ನೆಲಮಾಳಿಗೆ, ಚಕ್ರದ ರಿಪೇರಿ ಎಂದು ಬರೆದಿದ್ದೇನೆ. ಸಿಗುತ್ತದೆ ಎಂದುಕೊಂಡಿದ್ದೇನೆ.

ಹಾಸಿಗೆ ಸಂಖ್ಯೆ ನೋಡಿ ನೀನು ಅಲ್ಲಿ ರೋಗಿಯಾಗಿ ಮಲಗಿದ್ದೀ ಎಂದು ತಿಳಿದಿದ್ದೆ. ಪ್ರೆಸ್ಸಿನ ಕಥೆಯನ್ನು ನಂಬಲಿಲ್ಲ. ಯಾವ ವಾರ್ಡು ಎಂದು ಕೇಳಿ ಒಂದು ಕಾಗದ ಬರೆದು ಹರಿದೆ. ಕೇಳಿದರೆ ನೀನು ಹೇಳಬೇಕಾಗುತ್ತದೆ ಎನಿಸಿತು. ಬದಲಿಗೆ ಸೈಕಲ್ಲಿನ ಬಗ್ಗೆ ಬರೆಯುತ್ತ ಹೋದೆ. ಮಲಗಿದವನಿಗೆ ಯೋಚಿಸಲು ಏನಾದರೂ ಇರಲಿ ಎಂದು. ನೀನು ಅಲ್ಲಿ ಎದ್ದು ನಿಂತು ಬೇರೆಯವರ ಗಾಡಿ ಸರಿಮಾಡುತ್ತಿದ್ದೆ. ಸಮಾಧಾನವಾಗಬೇಕಿತ್ತು. ಮೊದಲು ಬಂದದ್ದು ಸಿಟ್ಟು, ಇನ್ನೂ ಪೂರ್ತಿ ಹೋಗಿಲ್ಲ.

ಅಂಗಡಿ ಮುಚ್ಚಿದ್ದನ್ನು ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ನಾನೂ ಒಂದೂವರೆ ತಿಂಗಳು ಕೊಂಡಿಲ್ಲದ ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋಗಿ ಬಂದವಳು.

ಸ್ಟೆಮ್ ಬದಲಾಯಿಸಿದೆ. ಜುಟ್ಟಿನವನು ಹಾಕಿಕೊಟ್ಟು, ನಾನು ಕೂತದ್ದನ್ನು ಪಕ್ಕದಿಂದ ನೋಡಿ, "ಯಾರು ಹೇಳಿದ್ರು ಮೇಡಂ ಇದನ್ನ? ಸರಿಯಾಗಿ ಹೇಳಿದ್ದಾರೆ" ಎಂದ. "ಮ್ಯೂಸಿಯಂನವರು" ಎಂದೆ. ಅವನಿಗೆ ನೆನಪಿರಲಿಲ್ಲ. ಬೆರಳಿನ ಜೋಮು ನಾಲ್ಕೇ ದಿನದಲ್ಲಿ ಹೋಯಿತು. ನನ್ನ 4 ಈಗ 4ರಂತೆ ಕಾಣುತ್ತದೆ.

ಕಂಡೂ ಪ್ರಯೋಜನವಿಲ್ಲ. ಒಂದನೇ ತಾರೀಖಿನಿಂದ ದಾಖಲೆ ಕೋಣೆಯಲ್ಲಿದ್ದೇನೆ. ಫ್ಯಾನ್ ಇದೆ, ಒಂದು ರೆಕ್ಕೆ ಎಲ್ಲೋ ತಾಗುತ್ತದೆ. ಬೆಳಿಗ್ಗೆ ಎಂಟರ ಅಳತೆ ನನ್ನ ಮೇಜಿಗೇ ಬರುತ್ತದೆ, ಯಂತ್ರ ಕಳಿಸಿದ್ದು. ಅದನ್ನು ದಪ್ಪ ಪುಸ್ತಕಕ್ಕೆ ಬರೆದುಕೊಳ್ಳುವುದು ನನ್ನ ಕೆಲಸ. ಐದು ದಿನದಲ್ಲಿ ಒಂದು ಸಲವೂ ತಪ್ಪಿಲ್ಲ. ಮೊದಲ ದಿನ ಅಂಕಿ ಬರೆದು, ನೀರು ಯಾವ ಬಣ್ಣಕ್ಕಿತ್ತು ಎಂದು ಯಾರನ್ನೋ ಕೇಳಲು ತಲೆ ಎತ್ತಿದೆ.

ನಿನ್ನೆ ಗೇಟಿನವರೆಗೆ ಹೋಗಿದ್ದೆ. ಪಾಸು ಹಿಂದಕ್ಕೆ ತೆಗೆದುಕೊಂಡಿದ್ದಾರೆ. "ಒಳಗೆ ಬಿಡೋ ಹಾಗಿಲ್ವಲ್ಲ ಮೇಡಂ, ಬೇಕಾದ್ರೆ ಇಲ್ಲೇ ಸ್ವಲ್ಪ ಹೊತ್ತು ನಿಂತ್ಕೊಳ್ಳಿ" ಎಂದ ಗೇಟಿನವನು. ನಿಂತುಕೊಂಡೆ. ಬೀಗದ ಕೈ ಈಗ ದಾರಕ್ಕೆ ಕಟ್ಟಿ ಕತ್ತಿಗೆ ಹಾಕಿಕೊಂಡಿದ್ದಾನೆ. ಆಮೇಲೆ ಫೋರ್ಕಿಗೆ ಬೀಗ ಹಾಕಿ ವಾಪಸ್ಸು ಬಂದೆ.

ಮನೆಯಿಂದ ದಾಖಲೆ ಕೋಣೆಗೆ ಮೂರೇ ಕಿಲೋಮೀಟರ್. ಒಂದು ಕಲ್ಲಿಲ್ಲ, ಒಂದು ಏರಿಲ್ಲ, ಗುಂಡಿಗಳನ್ನೂ ಮುಚ್ಚಿದ್ದಾರೆ. ಇಷ್ಟು ದಪ್ಪ ಟಯರು ಆ ರಸ್ತೆಯ ಮೇಲೆ ಗುಂಯ್ ಎನ್ನುತ್ತ ಹೋಗುವುದನ್ನು ಕೇಳಿದರೆ ನನಗೇ ನಾಚಿಕೆಯಾಗುತ್ತದೆ. ಈ ಸಲ ನಿಜವಾಗಿಯೂ ಏನನ್ನೂ ಕೊಂಡಿಲ್ಲ. ಕಾಲಿನ ಅಳತೆ ನಿನ್ನ ಹತ್ತಿರ ಇದೆ. ಅವಸರವೂ ಇಲ್ಲ. ಹೇಳು ಅಣ್ಣ, ಬರೀ ಟಾರು ರಸ್ತೆಗೆ ಯಾವ ಸೈಕಲ್ ಒಳ್ಳೆಯದು?